ಪುಟದ ಪಕ್ಕದ ಖಾಲಿ ಜಾಗ

“ಕುರ್ಚಿ ಇಷ್ಟು ಎತ್ತರ ಮಾಡಿಟ್ಟವರು ಯಾರು? ನನ್ನ ಕಾಲು ನೆಲ ಮುಟ್ತಿಲ್ಲ.”

ಅವಳು ಇದನ್ನು ಟೈಪ್ ಮಾಡಿದ್ದು ಕಂಪ್ಯೂಟರಿನಲ್ಲಿ, ಪುಟದ ಪಕ್ಕದ ಖಾಲಿ ಜಾಗದಲ್ಲಿ. ಪುಟ ಜೋಡಿಸುವ ಪೇಜ್‌ಮೇಕರ್‌ನಲ್ಲಿ ಅಲ್ಲಿ ಏನು ಬರೆದರೂ ಅಚ್ಚಾಗುವುದಿಲ್ಲ. ಆ ಡಿಟಿಪಿ ಅಂಗಡಿಯಲ್ಲಿದ್ದದ್ದು ಒಂದೇ ಕಂಪ್ಯೂಟರು. ಹಗಲು ಪಾಳಿ ಅವಳದು, ಸಂಜೆ ಪಾಳಿ ಅವನದು.

ಬೆಳಿಗ್ಗೆ ಉತ್ತರ ಕಾದಿತ್ತು: “ತಪ್ಪು ಕುರ್ಚಿಯದಲ್ಲ ಮೇಡಂ.”

ಅವಳು ಉರಿದುಬಿದ್ದಳು. ಸಂಜೆ ಬಾಗಿಲಲ್ಲಿ ಎದುರಾದಾಗ ಬೇಕೆಂದೇ ಮುಖ ತಿರುಗಿಸಿದಳು, ಆಮೇಲೆ ಓರೆಗಣ್ಣಲ್ಲಿ ನೋಡಿದಳು. ಅವನು ನಗು ತಡೆದುಕೊಂಡು ಪಕ್ಕಕ್ಕೆ ಸರಿದ. ಅಂದಿನಿಂದ ಕುರ್ಚಿ ತಗ್ಗಿಯೇ ಇರುತ್ತಿತ್ತು.

ಆಗ ಪೇಜ್‌ಮೇಕರ್ ಕಲಿತವರಿಗೆ ಎಲ್ಲಿಲ್ಲದ ಮರ್ಯಾದೆ. ಹಳೆಯ ಪ್ರೆಸ್ಸುಗಳಲ್ಲಿ ಅಚ್ಚಿನ ಮೊಳೆ ಜೋಡಿಸುವವರು ಬಂದು ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ಬಾಗಿಲಲ್ಲಿ ನಾಲಿಗೆ ಏಳದ ಈ ಇಬ್ಬರು ಪುಟದ ಪಕ್ಕದಲ್ಲಿ ಮಾತ್ರ ಬಾಯಿಬಡುಕರು. ಒಂದು ದಿನ ಅವಳು ಎದೆ ಗಟ್ಟಿ ಮಾಡಿಕೊಂಡು ಬರೆದಳು: “ಮನೇಲಿ ಗಂಡು ನೋಡಿದ್ದಾರೆ. ಏನು ಹೇಳಲಿ?”

ಮರುದಿನ ರಜೆ. ರಜೆ ಮುಗಿಸಿ ಬಂದರೆ ಮೇಜಿನ ಮೇಲೆ ಹೊಸ ಕಂಪ್ಯೂಟರು, ಹೊಸ ಸಾಫ್ಟ್‌ವೇರು. ಮಾಲೀಕರು ಫೈಲುಗಳನ್ನೆಲ್ಲ ಪಿಡಿಎಫ್ ಮಾಡಿಸಿ ಹಳೆಯದನ್ನು ಗುಜರಿಗೆ ಹಾಕಿದ್ದರು. ಪಿಡಿಎಫ್‌ನಲ್ಲಿ ಪುಟವಷ್ಟೇ ಇತ್ತು, ಪಕ್ಕದಲ್ಲಿ ಬರೆದದ್ದೆಲ್ಲ ಹೋಗಿತ್ತು. ಸಂಜೆ ಪಾಳಿಯೂ ನಿಂತಿತು. ಅವನು ಬೇರೆ ಪ್ರೆಸ್ ಸೇರಿದ. ಮನಸ್ಸಿದ್ದರೆ ಬಂದು ಹೇಳುತ್ತಿದ್ದನಲ್ಲ ಎಂದು ಅವಳು ಹಟಕ್ಕೆ ಕೂತಳು.

ಈಗ ಆ ಹೊಸದೂ ಹಳೆಯದಾಗಿದೆ. ಜನ ಫೋನಿನಲ್ಲೇ ಎಲ್ಲ ಮಾಡಿಕೊಳ್ಳುತ್ತಾರೆ. ಅಂಗಡಿಯಲ್ಲಿ ಅವಳೊಬ್ಬಳೇ, ಮನೆಯಲ್ಲೂ ಅಷ್ಟೇ. ಅಭ್ಯಾಸವಾಗಿಹೋಗಿದೆ ಎನ್ನುತ್ತಾಳೆ. ಶುದ್ಧ ಸುಳ್ಳು.

ಮೊನ್ನೆ ಅವನು ಬಂದ, ತಲೆಯೆಲ್ಲ ನರೆತು.

“ಮಗಳ ಮದುವೆ ಕಾರ್ಡು ಆಗ್ಬೇಕಿತ್ತು. ಫೋನಲ್ಲೇ ಮಾಡ್ಕೋತೀನಿ ಅಂದ್ಲು. ನನಗೆ ಮನಸ್ಸು ಒಪ್ಪಲಿಲ್ಲ.”

ಅವಳು ಟೈಪ್ ಮಾಡುತ್ತಲೇ ಕೇಳಿಬಿಟ್ಟಳು. “ಅವತ್ತು ನಾನು ಕೇಳಿದ್ದಕ್ಕೆ ನಿಮ್ಮ ಉತ್ತರಾನೇ ಬರಲಿಲ್ಲ.”

“ಬರೆದಿದ್ನಲ್ಲ! ಅವತ್ತು ಸಂಜೇನೇ, ಅದರ ಕೆಳಗೆ. ಓದಿಯೂ ಸುಮ್ಮನಿದ್ದೀರಿ ಅಂದ್ಕೊಂಡೆ.”

ಅವಳ ಬೆರಳುಗಳು ನಿಂತವು. “ಏನಂತ?”

“ಬೇಡ ಅನ್ನಿ, ನಾನಿದ್ದೀನಿ ಅಂತ.”

ಅವಳ ಕಣ್ಣು ಪರದೆಯಿಂದ ಕದಲಲಿಲ್ಲ.

“ಮನೇಲಿ ಬೇಡ ಅಂತಲೇ ಅಂದೆ,” ಎಂದಳು.

ಅವನು ತಲೆ ತಗ್ಗಿಸಿದ. ಹೊರಡುವಾಗ ಅವಳ ಕುರ್ಚಿಯನ್ನು ನೋಡಿದ. ಅದು ಈಗಲೂ ತಗ್ಗಿಯೇ ಇತ್ತು.

ಅವನು ಹೋದ ಮೇಲೆ ಕಾರ್ಡು ಮುಗಿಸಿ, ಪುಟದ ಪಕ್ಕದಲ್ಲಿ ಬರೆದಳು: “ಬಾಗಿಲಲ್ಲೇ ಕೇಳಬೇಕಿತ್ತು.”

ಆಮೇಲೆ ಪಿಡಿಎಫ್ ಮಾಡಿ, ಪುಟವನ್ನಷ್ಟೇ ಅವನಿಗೆ ಕಳಿಸಿದಳು.