ನಾಲ್ಕನೇ ಪ್ರತಿ

"ಕೊನೆಯ ಪ್ರಶ್ನೆ!"

ಮೈಕ್ ಇಲ್ಲದೆಯೇ ಸಭಾಂಗಣದ ಮೂಲೆಮೂಲೆ ಮುಟ್ಟುವ ದನಿ ಅವಳದು. ಪಕ್ಷದ ಮಾಧ್ಯಮ ವಿಭಾಗಕ್ಕೆ ಸೇರಿ ಅಂದಿಗೆ ಮೂರನೇ ದಿನ. ವರದಿಗಾರರನ್ನು ಸುಮ್ಮನಾಗಿಸುವ ಕೆಲಸ ಅವಳ ಪಾಲಿಗೆ ಬಂದಿತ್ತು.

"ಇನ್ನೊಂದಿದೆ," ಎಂದು ಹಿಂದಿನ ಸಾಲಿನಿಂದ ಒಬ್ಬ ಎದ್ದ. ಕಿವಿಯ ಸಂದಿಯಲ್ಲಿ ಹೆಬ್ಬೆರಳುದ್ದದ ಮೊಂಡು ಪೆನ್ಸಿಲ್.

"ಮುಗೀತು ಅಂದೆನಲ್ಲ!"

"ನೀವು ಮುಗಿಸಿದ್ರಿ. ಉತ್ತರ ಇನ್ನೂ ಶುರುವೇ ಆಗಿಲ್ಲ!"

ಸಭೆ ಗೊಳ್ಳೆಂದಿತು. ವೇದಿಕೆಯ ಮೇಲಿದ್ದ ಪಕ್ಷದ ಅಧ್ಯಕ್ಷೆ ಕೂಡ ಅಂಗೈ ಅಡ್ಡ ಹಿಡಿದು ನಕ್ಕರು. ಅವಳ ಮುಖ ಕೆಂಡವಾಯಿತು.

ಎಲ್ಲರೂ ಹೋದ ಮೇಲೆ ಅವನು ಹತ್ತಿರ ಬಂದು, ಅವಳೇ ಹಂಚಿದ್ದ ಪತ್ರಿಕಾ ಪ್ರಕಟಣೆಯನ್ನು ಅವಳ ಕೈಗೇ ಹಿಂತಿರುಗಿಸಿದ. ಎರಡು ಪುಟದಲ್ಲಿ ಒಂದೇ ಸಾಲಿನ ಪಕ್ಕ ಪೆನ್ಸಿಲ್ಲಿನ ಸರಿ ಗುರುತು.

"ಏನಿದು?"

"ನಾನು ನಂಬಿದ ಸಾಲು. ಹುಡುಕಿ ಹುಡುಕಿ ಒಂದೇ ಸಿಕ್ತು. ಅದನ್ನ ಬರೆದೋರು ನೀವೇ ಅಲ್ವಾ?"

ಹೌದು! ಮಿಕ್ಕಿದ್ದೆಲ್ಲ ಮಾಧ್ಯಮ ವಿಭಾಗದ ಮುಖ್ಯಸ್ಥರು ಒತ್ತಿ ಒತ್ತಿ ಸೇರಿಸಿದ್ದು. ಅದೊಂದು ಸಾಲು ಮಾತ್ರ ಅವಳದು. ಈ ಮನುಷ್ಯನಿಗೆ ಹೇಗೆ ಗೊತ್ತಾಯಿತು...?

ಅಂದಿನಿಂದ ಅವನು ಅವಳಿಗೆ 'ಪೆನ್ಸಿಲ್' ಆದ. ಅವಳು ಅವನಿಗೆ 'ಕೊನೆಪ್ರಶ್ನೆ' ಆದಳು. ಪ್ರತಿ ಸಭೆಯ ನಂತರ ಹಾಳೆ ಹಿಂತಿರುಗುತ್ತಿತ್ತು. ಒಂದು ಗುರುತು ಎರಡಾಯಿತು, ಎರಡು ನಾಲ್ಕಾಯಿತು. ತನಗೇ ತಿಳಿಯದ ಹಾಗೆ ಅವಳು ಆ ಗುರುತುಗಳಿಗಾಗಿಯೇ ಬರೆಯತೊಡಗಿದ್ದಳು. ಮೇಜಿನ ಕೆಳಗಿನ ಖಾನೆಯಲ್ಲಿ ಅಂಥ ಮೂವತ್ತೆಂಟು ಹಾಳೆಗಳು ಬೆಚ್ಚಗೆ ಮಲಗಿದ್ದವು.

ಮನೆಯಲ್ಲಿ ಅಜ್ಜಿಯದು ಬೇರೆಯೇ ಕಾಟ. ಬೆಳಗಾದರೆ ಭೂತಗನ್ನಡಿ ಹಿಡಿದು ಅವನ ವರದಿಯನ್ನು ಗಟ್ಟಿಯಾಗಿ ಓದುವರು.

"ಈ ಹುಡುಗ ಬರೆದದ್ದು ಕಣ್ಣಿಗೆ ಕಟ್ಟಿದ ಹಾಗಿರುತ್ತೆ ಕಣೇ!"

"ಅಜ್ಜೀ, ಅವನು ದಿನಾ ನಮ್ಮ ಪಕ್ಷಕ್ಕೆ ಉಗೀತಾನೆ!"

"ಉಗಿಸ್ಕೊಳ್ಳೋ ಕೆಲಸ ನೀವ್ಯಾಕೆ ಮಾಡ್ತೀರಿ?"

ಅವಳು ಪತ್ರಿಕೆಯನ್ನು ಕಸಿದು ಮಡಿಸಿಡುತ್ತಿದ್ದಳು. ಆದರೆ ಅವನ ಹೆಸರು ಅಜ್ಜಿಯ ಬಾಯಲ್ಲಿ ಬಂದಾಗಲೆಲ್ಲ ಕೈಯಲ್ಲಿದ್ದ ಲೋಟ ಯಾಕೋ ತುಳುಕುತ್ತಿತ್ತು...

ಚುನಾವಣೆ ಬಂತು. ಕಚೇರಿಯಲ್ಲಿ ಕಾಲಿಡಲು ಜಾಗವಿಲ್ಲ. ಪಕ್ಷದ ಐದು ಭರವಸೆಗಳನ್ನು ಅಧ್ಯಕ್ಷೆ ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಪ್ರಕಟಿಸುವುದಿತ್ತು. ಓದಿ ತಯಾರಾಗಲೆಂದು ಏಳು ಹಿರಿಯ ವರದಿಗಾರರಿಗೆ ಮಾತ್ರ ಒಂದು ದಿನ ಮೊದಲೇ ಪ್ರತಿ ಕೊಡುವುದು ರೂಢಿ. ಹನ್ನೊಂದರವರೆಗೆ ಒಂದಕ್ಷರವೂ ಹೊರಬೀಳಬಾರದೆಂಬುದು ಅದರ ಕಟ್ಟು.

ಮಾತು ಸೋರುವ ಜಾಗ ಅದು. ಅದಕ್ಕೇ ಅವಳು ಯಾರಿಗೂ ಹೇಳದ ಒಂದು ಉಪಾಯ ಇಟ್ಟುಕೊಂಡಿದ್ದಳು. ಏಳು ಪ್ರತಿಗಳಲ್ಲೂ ಭರವಸೆಗಳು ಅವೇ, ಆದರೆ ಸರದಿ ಬೇರೆ ಬೇರೆ. ಒಂದರಲ್ಲಿ ಶಾಲೆ ಮೊದಲು, ಇನ್ನೊಂದರಲ್ಲಿ ಆಸ್ಪತ್ರೆ. ನಾಲ್ಕನೇ ಪ್ರತಿಯಲ್ಲಿ ನೀರು ಮೊದಲು, ಬಸ್ಸು ಕೊನೆಗೆ. ಸೋರಿದರೆ ಯಾವ ಬಿಂದಿಗೆ ತೂತು ಎಂದು ಸರದಿಯೇ ಹೇಳುತ್ತದೆ!

ನಾಲ್ಕನೇ ಪ್ರತಿ ಪೆನ್ಸಿಲ್‌ಗೆ ಹೋಯಿತು.

"ನಾಳೆ ಹನ್ನೊಂದರವರೆಗೆ ಇದು ನನ್ನ ಜೇಬು ಬಿಟ್ಟು ಹೊರಗೆ ಬರಲ್ಲ. ಮಾತು," ಎಂದ ಅವನು.

"ಬರೀ ಮಾತಾ?"

"ನನ್ನ ಹತ್ರ ಕೊಡೋಕೆ ಬೇರೇನಿದೆ? ಪೆನ್ಸಿಲ್ಲೂ ಇಷ್ಟೇ ಉಳಿದಿದೆ!"

ಅವಳು ನಕ್ಕಳು. ಆ ನಗು ಸಂಜೆ ನಾಲ್ಕರವರೆಗೆ ಅವಳ ತುಟಿಯಂಚಿನಲ್ಲೇ ಇತ್ತು.

ನಾಲ್ಕಕ್ಕೆ ಕಚೇರಿಯ ಟೀವಿ ಕಿರುಚಿತು. ಯಾವುದೋ ಚಾನೆಲ್ಲು, ಕೆಂಪು ಅಕ್ಷರ. "ಪಕ್ಷದ ಐದು ಭರವಸೆ ನಮ್ಮಲ್ಲೇ ಮೊದಲು! ನೀರು... ಶಾಲೆ... ಮನೆ... ಆಸ್ಪತ್ರೆ... ಬಸ್ಸು!"

ನೀರು ಮೊದಲು. ಬಸ್ಸು ಕೊನೆಗೆ.

'ಅವನಾ...? ಅವನೇ?!'

ಮೆಟ್ಟಿಲ ಬಳಿ ಅವನು ಸಿಕ್ಕ. ಸುದ್ದಿ ಕೇಳಿ ಅವನೇ ಓಡಿ ಬಂದಿದ್ದ.

"ನಿಮ್ಮ ಪ್ರತಿಯ ಸರದಿ ಅದು! ಏಳರಲ್ಲಿ ಅದೊಂದೇ! ಹೇಳಿ!"

"ನಾನಲ್ಲ."

"ಹಾಗಾದ್ರೆ ಯಾರು?"

ಅವನು ಬಾಯಿ ತೆರೆದ. ಮತ್ತೆ ಮುಚ್ಚಿದ. "ಹೇಳಲಾರೆ."

"ಗೊತ್ತಿಲ್ಲ ಅಂತಾದ್ರೂ ಹೇಳಿ!"

"ಅದು ಸುಳ್ಳಾಗುತ್ತೆ," ಎಂದು ಅವನು ತಲೆ ತಗ್ಗಿಸಿದ.

ಅವಳ ಕಣ್ಣು ತುಂಬಿತು. ಅಳು ಸಿಟ್ಟಾಯಿತು. ಸಿಟ್ಟು ನೇರ ಮುಖ್ಯಸ್ಥರ ಕೋಣೆಗೆ ನಡೆಯಿತು. ಕಚೇರಿಯವರೆಲ್ಲ ದೊಡ್ಡಣ್ಣ ಎಂದು ಕರೆಯುತ್ತಿದ್ದ ಮುಖ್ಯಸ್ಥರು ಅವಳ ಮಾತು ಕೇಳಿ ಗಡ್ಡ ನೀವಿಕೊಂಡರು.

"ಸರಿ, ಅವನ ಪಾಸ್ ರದ್ದು ಮಾಡು. ಪ್ರವೇಶ ಇಲ್ಲ ಅಂದ್ಮೇಲೆ ಅವನ ಪತ್ರಿಕೆಯೋರು ಅವನನ್ನ ಚುನಾವಣೆಯಿಂದ ತೆಗೆದು ಹವಾಮಾನ ಬರೆಯೋಕೆ ಕೂರಿಸ್ತಾರೆ. ಬರೀಲಿ, ಮೋಡ ಕವಿದ ವಾತಾವರಣ!"

ಅವಳೇ ಪತ್ರ ಟೈಪಿಸಿದಳು.

ಮನೆಗೆ ಬಂದು ಅಜ್ಜಿಯ ಮಡಿಲಲ್ಲಿ ಮುಖವಿಟ್ಟಳು. "ಅವನು ಮಾತು ತಪ್ಪಿದ ಅಜ್ಜೀ... ಕೇಳಿದ್ರೆ ಉತ್ತರವೂ ಕೊಡ್ಲಿಲ್ಲ."

ಅಜ್ಜಿ ಅವಳ ಕೂದಲಲ್ಲಿ ಬೆರಳಾಡಿಸಿದರು.

"ಸುಳ್ಳು ಹೇಳೋನಿಗೆ ಉತ್ತರ ನಾಲಿಗೆ ತುದೀಲೇ ಇರುತ್ತೆ ಮಗಾ. ಉತ್ತರ ಇಲ್ಲದೆ ನಿಂತೋನನ್ನ ಇನ್ನೊಂದ್ಸಲ ನೋಡ್ಬೇಕು. ದೇವರು ಕಿವಿ ಎರಡು ಕೊಟ್ಟಿರೋದು ಅದಕ್ಕೇ."

ಬೆಳಿಗ್ಗೆ ಹತ್ತೂವರೆ. ಆಸನಗಳ ಪಟ್ಟಿಗೆ ಸಹಿ ಹಾಕಿಸಲು ಅವಳು ದೊಡ್ಡಣ್ಣನ ಕೋಣೆಗೆ ಹೋದಳು. ಅವರು ಸಹಿ ಹಾಕಲೆಂದು ಚಹಾ ಲೋಟ ಎತ್ತಿ ಪಕ್ಕಕ್ಕಿಟ್ಟರು. ಲೋಟದ ಕೆಳಗೊಂದು ಹಾಳೆ. ಭರವಸೆಗಳ ಪ್ರತಿ!

ನೀರು ಮೊದಲು. ಬಸ್ಸು ಕೊನೆಗೆ.

ಅವಳಿಗೆ ನಿನ್ನೆ ಬೆಳಗಿನದೆಲ್ಲ ನೆನಪಾಯಿತು. ಏಳು ಪ್ರತಿ ಜೋಡಿಸಿಟ್ಟಿದ್ದಳು. ದೊಡ್ಡಣ್ಣ ಹಾದುಹೋಗುತ್ತ, "ಉಪ್ಪು ಖಾರ ಸರಿಯಿದೆಯಾ ನೋಡ್ತೀನಿ" ಎಂದು ನಡುವಿನಿಂದ ಒಂದನ್ನು ಎಳೆದುಕೊಂಡಿದ್ದರು. ಆರೇ ಉಳಿದವಲ್ಲ ಎಂದು ಅವಳು ಧಾವಂತದಲ್ಲಿ ಕಾಣೆಯಾದ ನಾಲ್ಕನೆಯದನ್ನೇ ಇನ್ನೊಮ್ಮೆ ಮುದ್ರಿಸಿದ್ದಳು. ಸರದಿ ಬದಲಿಸದೆ! ತನ್ನ ಬಲೆಗೆ ತಾನೇ ತೂತು ಹಾಕಿದ್ದಳು!

"ದೊಡ್ಡಣ್ಣ... ಚಾನೆಲ್‌ಗೆ ಕೊಟ್ಟಿದ್ದು ನೀವು."

ಅವರು ಬೆಚ್ಚಲಿಲ್ಲ. ನಕ್ಕರು. "ಕೂತ್ಕೋ ತಂಗಿ. ಒಂದಿನದ ಸುದ್ದಿ ಎರಡು ದಿನ ಆಯ್ತಾ ಇಲ್ವಾ? ಜನ ಚಪ್ಪಾಳೆ ತಟ್ಟಿದ್ರೆ ನಮ್ಮದು, ಉಗಿದ್ರೆ ಸುಳ್ಳುಸುದ್ದಿ. ಅಧ್ಯಕ್ಷೆಗೂ ಇದೆಲ್ಲ ಗೊತ್ತಾಗ್ಬೇಕಿಲ್ಲ. ನೀರಿಗಿಳಿಯೋ ಮುಂಚೆ ಕಾಲು ಹಾಕಿ ಆಳ ನೋಡ್ಬೇಕಮ್ಮ."

"ಮುಳುಗಿದ್ದು ಇನ್ನೊಬ್ಬರ ಕಾಲು!"

"ಅವನಾ? ಮೊದಲು ಅವನಿಗೇ ಕೊಡೋಕೆ ಹೋದೆ, 'ಮೂಲಗಳು ಹೇಳಿವೆ' ಅಂತ ಹಾಕು ಅಂದೆ. 'ಆಕೆಗೆ ಮಾತು ಕೊಟ್ಟಿದೀನಿ' ಅಂದ! ಹೋಗ್ಲಿ, ನಾನು ಕೇಳಿದ್ದು ಯಾರಿಗೂ ಹೇಳ್ಬೇಡ ಅಂದೆ. ಅದಕ್ಕೂ ಮಾತು ಕೊಟ್ಟ! ಎಂಥಾ ಪೆದ್ದ ಅಂತೀನಿ!"

ಅವಳಿಗೆ ಮುಂದೆ ಕೇಳಿಸಲಿಲ್ಲ. 'ನನಗೆ ಕೊಟ್ಟ ಮಾತೂ ಉಳಿಸಿದ, ಈ ಮನುಷ್ಯನಿಗೆ ಕೊಟ್ಟ ಮಾತೂ ಉಳಿಸಿದ... ಎರಡರ ನಡುವೆ ನಾನೇ ಅವನನ್ನ ಅರೆದುಬಿಟ್ಟೆ!'

ಹನ್ನೊಂದು ಗಂಟೆ. ಸಭಾಂಗಣ ಕಿಕ್ಕಿರಿದಿತ್ತು. ಕ್ಯಾಮೆರಾಗಳು ಕಣ್ಣು ತೆರೆದು ನಿಂತಿದ್ದವು. ಗಾಜಿನ ಬಾಗಿಲಾಚೆ, ಕಾವಲಿನವನ ಪಕ್ಕ, ಪಾಸ್ ಇಲ್ಲದ ಪೆನ್ಸಿಲ್. ಒಳಗೆ ಬಿಡದಿದ್ದರೂ ಕೆಲಸಕ್ಕೆ ಬಂದಿದ್ದ!

ಎಂದೂ ಮೈಕ್ ಮುಟ್ಟದವಳು ವೇದಿಕೆ ಹತ್ತಿದಳು. ಕೈಯಲ್ಲಿ ತಾನೇ ಬರೆದ ನಾಲ್ಕು ಸಾಲಿನ ಹಾಳೆ. 'ದೇವರೇ, ದನಿ ಒಂದು ನಡುಗದಿರಲಿ...'

"ಭರವಸೆಗಳಿಗೆ ಮೊದಲು ಒಂದು ತಿದ್ದುಪಡಿ. ನಿನ್ನೆ ಸೋರಿದ ಪ್ರತಿ ಯಾವ ವರದಿಗಾರರದ್ದೂ ಅಲ್ಲ, ನಮ್ಮ ಕಚೇರಿಯದೇ. ಪರಿಶೀಲಿಸದೆ ಒಬ್ಬ ನಿರಪರಾಧಿಯ ಪಾಸ್ ರದ್ದು ಮಾಡಿಸಿದವಳು ನಾನು. ಅವರು ಈಗ ಬಾಗಿಲಲ್ಲಿ ನಿಂತಿದ್ದಾರೆ, ಅವರ ಕ್ಷಮೆ ಕೇಳುತ್ತೇನೆ."

ದೊಡ್ಡಣ್ಣ ಮೈಕ್‌ನತ್ತ ಧಾವಿಸಿದರು. ಅಧ್ಯಕ್ಷೆ ಒಂದು ಬೆರಳೆತ್ತಿ ಅವರನ್ನು ತಡೆದರು.

"ಕಚೇರಿಯಿಂದ ಅಂದ್ರೆ... ಯಾರು?"

ಅವಳು ಹೆಸರು ಹೇಳಲಿಲ್ಲ. ದೊಡ್ಡಣ್ಣನ ಮುಖವನ್ನೊಮ್ಮೆ ನೋಡಿದಳು, ಅಷ್ಟೇ. ಇಡೀ ಸಭೆ ಅವಳ ಕಣ್ಣು ಹೋದಲ್ಲಿಗೆ ಹೋಯಿತು! ದೊಡ್ಡಣ್ಣ ಕರವಸ್ತ್ರ ಹುಡುಕತೊಡಗಿದರು.

"ಆಮೇಲೆ ನನ್ನ ಕೋಣೆಗೆ ಬನ್ನಿ," ಎಂದರು ಅಧ್ಯಕ್ಷೆ ಅವರಿಗೆ. ಬಾಗಿಲ ಕಡೆ ತಿರುಗಿ, "ಅವರನ್ನ ಒಳಗೆ ಬಿಡ್ರಪ್ಪ. ಪ್ರಶ್ನೆ ಕೇಳೋರು ಹೊರಗಿದ್ರೆ ನಾನು ಯಾರಿಗೆ ಉತ್ತರ ಕೊಡ್ಲಿ?"

ಬಾಗಿಲು ತೆರೆಯಿತು. ಅವನು ಒಳಗೆ ಬಂದ. ಅವಳು ಕುತ್ತಿಗೆಯ ಗುರುತುಪಟ್ಟಿ ತೆಗೆದು ಮೇಜಿನ ಮೇಲಿಟ್ಟು, ಪಕ್ಕದ ಬಾಗಿಲಿನಿಂದ ಹೊರಬಿದ್ದಳು. ಮಾತು ತಿರುಚುವ ಕಚೇರಿಯ ಕೆಲಸ ಇನ್ನು ಅವಳಿಗೆ ಬೇಡವಾಗಿತ್ತು.

ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತಾಗಿತ್ತು. ಕಣ್ಣೀರು ಒಣಗಿತ್ತು. ಹಿಂದಿನಿಂದ ಹೆಜ್ಜೆ ಸಪ್ಪಳ.

"ಇವತ್ತು 'ಕೊನೆಯ ಪ್ರಶ್ನೆ' ಅನ್ನೋರೇ ಇರ್ಲಿಲ್ಲ. ಒಂಬತ್ತು ಕೇಳಿದೆ. ಅಧ್ಯಕ್ಷೆ ಸುಸ್ತು!"

ಅವಳು ತಲೆಯೆತ್ತಲಿಲ್ಲ. "ನಾನು ನಿಮ್ಮನ್ನ ನಂಬಲಿಲ್ಲ..."

"ಸರದಿ ನೋಡಿ ಲೆಕ್ಕ ಹಾಕಿದ್ರಿ. ನಿಮ್ಮ ಜಾಗದಲ್ಲಿ ನಾನಿದ್ರೂ ಅದನ್ನೇ ಮಾಡ್ತಿದ್ದೆ. ಆ ಹಾಳೆ ಕೊಡಿ ಇಲ್ಲಿ."

ಅವಳು ಓದಿದ ನಾಲ್ಕು ಸಾಲಿನ ಹಾಳೆ ಕೊಟ್ಟಳು. ಅವನು ಪಕ್ಕದಲ್ಲಿ ಕೂತು, ಮೊಂಡು ಪೆನ್ಸಿಲ್ ತೆಗೆದು, ಪ್ರತಿ ಸಾಲಿನ ಪಕ್ಕವೂ ಸರಿ ಗುರುತು ಹಾಕಿದ. ನಾಲ್ಕಕ್ಕೆ ನಾಲ್ಕು!

ಅವಳ ತುಟಿ ಅದುರಿತು. ಅಳುವೋ, ನಗುವೋ...

"ಇವತ್ತೇ ಸಂಪಾದಕರಿಗೆ ಹೇಳ್ತೀನಿ, ಈ ಪಕ್ಷದ ಸುದ್ದಿ ಬೇರೆಯವರಿಗೆ ಕೊಡಿ ಅಂತ. ಇಲ್ಲಿ ನಾನು ಇನ್ನು ನಿಷ್ಪಕ್ಷಪಾತಿ ಅಲ್ಲ."

"ಯಾಕೆ? ನಾನೀಗ ಪಕ್ಷದವಳಲ್ಲವಲ್ಲ!"

"ಆದ್ರೂ... ಆ ಕಟ್ಟಡ ನೋಡಿದ್ರೆ ಎದೆ ಹೊಡ್ಕೊಳ್ಳುತ್ತೆ. ಅದನ್ನ ವರದೀಲಿ ಹಾಕೋ ಹಾಗಿಲ್ಲ!" ಅವನ ದನಿ ಇಳಿಯಿತು. "ಆ ಮೊದಲ ಗುರುತಿನ ದಿನದಿಂದ ನೀವು ನನಗೆ ಇಷ್ಟ. ಇದು ಮೂಲಗಳು ಹೇಳಿದ್ದಲ್ಲ. ನಾನೇ ಹೇಳ್ತಿರೋದು."

ಅವಳು ಅವನ ಬೆರಳುಗಳಿಂದ ಪೆನ್ಸಿಲ್ ತೆಗೆದುಕೊಂಡಳು. ಅವನ ಅಂಗೈ ಹಿಡಿದು, ಅದರ ನಡುವೆ ಮೆಲ್ಲಗೆ ಒಂದು ಸರಿ ಗುರುತು ಎಳೆದಳು.

ಅವನು ಅಂಗೈಯನ್ನೇ ನೋಡುತ್ತ ಉಳಿದ. "ಇದನ್ನ ಯಾವಾಗ ಪ್ರಕಟಿಸಬಹುದು?"

"ಸಂಜೆ ಐದಕ್ಕೆ. ಅಲ್ಲಿವರೆಗೆ ಕಟ್ಟು."

"ಐದಕ್ಕೇ ಯಾಕೆ?"

"ಮೊದಲ ಪ್ರತಿ ಅಜ್ಜಿಗೆ ಹೋಗ್ಬೇಕು. ಮಾತು?"

"ಮಾತು," ಎಂದು ಅವನು ಅಂಗೈ ಮುಚ್ಚಿ ಜೇಬಿಗಿಳಿಸಿದ.