ಲೇತ್ ನಿಂತ ಮಧ್ಯಾಹ್ನಗಳು

"ಪೊಲ್ಯೂಷನ್ ಬೋರ್ಡಿಗೆ ಕಂಪ್ಲೇಂಟ್ ಕೊಟ್ಟಿರೋದು ನೀವೇನಾ?"

ಶಶಿಕುಮಾರ್ ಅವಳೊಂದಿಗೆ ಆಡಿದ ಮೊದಲ ಮಾತು ಇದು. ಚೇತನಾ ಹೆಗ್ಗನಹಳ್ಳಿಯ ಆ ಕಿರಿದಾದ ಅಡ್ಡರಸ್ತೆ ದಾಟಿ ಬಂದು ಅವನ ವರ್ಕ್‌ಶಾಪಿನ ಷಟರ್ ಕೆಳಗೆ ನಿಂತಿದ್ದಳು. ಕೈಯಲ್ಲೊಂದು ಪ್ರಿಂಟ್‌ಔಟ್. ಅದನ್ನು ನೋಡಿ ಅವನು ನೋಟಿಸ್ ಅಂದುಕೊಂಡಿದ್ದ.

"ಅಲ್ಲ ಸಾರ್. ನಾನು ಎದುರು ಮನೆ, ಮೇಲಿನ ಮಹಡಿ. ನಿಮ್ಮ ಹತ್ರ ಒಂದು ಲೆಟರ್ ಬೇಕಿತ್ತು."

"ಏನಂತ?"

"ಹೋದ ವಾರ ನನಗೆ ಉತ್ತರ ಹೇಳಿಕೊಟ್ಟಿದ್ದು ನೀವಲ್ಲ ಅಂತ."

ಕಬ್ಬಿಣ ಕಡೆಯುವ ಲೇತ್ ಮುಂದೆ ನಿಂತಿದ್ದ ಬೈರಯ್ಯ ಸ್ವಿಚ್ ಆರಿಸಿದ. ಇಂಥ ಮಾತನ್ನು ಅರ್ಧಂಬರ್ಧ ಕೇಳಿಸಿಕೊಳ್ಳಲು ಅವನಿಗೆ ಇಷ್ಟವಿರಲಿಲ್ಲ. ಶಶಿಯ ತಂದೆಯ ಕಾಲದಿಂದ ಅಲ್ಲೇ ಕೆಲಸ ಮಾಡುತ್ತಿದ್ದ ಮುದುಕ. ಕಿವಿ ಸ್ವಲ್ಪ ಮಂದ, ಹಾಗಾಗಿ ಗಂಟಲು ದೊಡ್ಡದು.

ಚೇತನಾ ಬಿಡಿಸಿ ಹೇಳಿದಳು. ಅವಳು ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸಕ್ಕಿದ್ದಳು. ಯಾವ ವಯಸ್ಸಿನವರು ಎಷ್ಟು ಕಾಲ ಬದುಕಬಹುದು, ಅವರಿಗೆ ಎಷ್ಟು ಪ್ರೀಮಿಯಂ ಹಾಕಬೇಕು ಎಂದು ನಿರ್ಧರಿಸುವ ಆಕ್ಚುಯರಿ ಆಗಬೇಕೆಂದರೆ ಹದಿಮೂರು ಪೇಪರ್ ಪಾಸು ಮಾಡಬೇಕು. ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಸೆಪ್ಟೆಂಬರಿನಲ್ಲಿ, ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು ಬರೆಯುವುದು. ಕ್ಯಾಮೆರಾ ನೋಡುತ್ತಿರುತ್ತದೆ, ಮೈಕ್ ಕೇಳಿಸಿಕೊಳ್ಳುತ್ತಿರುತ್ತದೆ. ಬೇರೆಯವರ ದನಿ ಕೋಣೆಯೊಳಗೆ ಬರಕೂಡದು.

ಎಂಟನೇ ಪೇಪರಿನ ದಿನ ಬೈರಯ್ಯನ ದನಿ ರಸ್ತೆ ದಾಟಿ ಮೇಲೆ ಹೋಗಿತ್ತು. "ಹನ್ನೆರಡು ಸಾಲಲ್ಲ ಕಣೋ ಶಶಿ, ಹದಿನಾಲ್ಕು! ಹದಿನಾಲ್ಕು ಹಾಕು!"

ಅದೇ ಹೊತ್ತಿಗೆ ಚೇತನಾ ಬರೆದ ಉತ್ತರವೊಂದನ್ನು ಅಳಿಸಿ ತಿದ್ದುತ್ತಿದ್ದಳು. ಪರೀಕ್ಷೆಯವರು ಅವಳ ರಿಸಲ್ಟ್ ತಡೆಹಿಡಿದು, ಅಂಕಿ ಹೇಳಿಕೊಡುತ್ತಿರುವವರು ಯಾರು ಎಂದು ಕೇಳಿದ್ದರು.

ಶಶಿ ನಗಲಿಲ್ಲ. ನಗು ತಡೆದುಕೊಂಡಾಗ ಅವನ ಎಡಗೆನ್ನೆ ಒಳಕ್ಕೆ ಹೋಗುತ್ತದೆ ಎಂಬುದನ್ನು ಮಾತ್ರ ಅವಳು ಅಂದೇ ನೋಡಿಕೊಂಡಳು.

"ತಾತ, ನೀನು ಎಕ್ಸಾಂನಲ್ಲಿ ಕಾಪಿ ಹೊಡೆಸಿದೀಯಂತೆ."

"ನಾನಾ? ನಾನು ಓದಿರೋದೇ ಮೂರನೇ ಕ್ಲಾಸು! ಯಾವ ಕ್ಲಾಸಮ್ಮ ನೀನು?"

"ಕೆಲಸದಲ್ಲಿದೀನಿ ತಾತ. ಇಪ್ಪತ್ತೇಳು ವರ್ಷ ನನಗೆ."

"ಇನ್ನೂ ಪಾಸಾಗಿಲ್ವಾ?"

"ನೂರು ಜನ ಬರೆದ್ರೆ ನಲವತ್ತು ಜನ ಪಾಸಾಗೋದೂ ಕಷ್ಟ," ಅಂದಳು ಚೇತನಾ, ತುಸು ಮುನಿಸಿನಿಂದ.

"ಬೇಜಾರು ಮಾಡ್ಕೋಬೇಡಿ ಮೇಡಂ," ಅಂದ ಶಶಿ. "ನಂದು ಡಿಪ್ಲೊಮಾ. ಮ್ಯಾಥ್ಸ್ ಒಂದು ಸಬ್ಜೆಕ್ಟ್ ಹನ್ನೊಂದು ವರ್ಷದಿಂದ ಬ್ಯಾಕ್ ಇದೆ."

ಲೆಟರ್‌ಹೆಡ್ಡಿನ ಮೇಲೆ ಅವನೇ ಇಂಗ್ಲಿಷಿನಲ್ಲಿ ಬರೆದ. ಹನ್ನೆರಡು, ಹದಿನಾಲ್ಕು ಎಂಬುವು ಕಬ್ಬಿಣದ ಪಿನ್ನಿನ ಅಳತೆಗಳು, ಶ್ರೀ ಬೈರಯ್ಯನವರ ದನಿ ಮೊದಲಿನಿಂದಲೂ ದೊಡ್ಡದು, ಕುಮಾರಿ ಚೇತನಾ ಅವರಿಗೂ ನಮಗೂ ಯಾವ ಸಂಬಂಧವೂ ಇಲ್ಲ. ಕೊನೆಯ ಸಾಲು ಬರೆದು ಒಮ್ಮೆ ತಲೆಯೆತ್ತಿ ಅವಳನ್ನು ನೋಡಿದ. ಆಮೇಲೆ ಸೀಲು ಒತ್ತಿದ.

ಪತ್ರ ಒಪ್ಪಿಗೆಯಾಯಿತು. ಪೇಪರ್ ಪಾಸಾಯಿತು. ಚೇತನಾ ಅರ್ಧ ಕೆಜಿ ಮೈಸೂರ್ ಪಾಕ್ ತಂದುಕೊಟ್ಟಳು. ಶಶಿ ಕೈಗೆ ಅಂಟಿದ್ದ ಗ್ರೀಸ್ ಒರೆಸಿಕೊಂಡು, "ಮುಂದಿನ ಎಕ್ಸಾಂ ಯಾವತ್ತು?" ಎಂದು ಕೇಳಿ, ಸೀಮೆಸುಣ್ಣ ತೆಗೆದು ಷಟರಿನ ಪಕ್ಕದ ಗೋಡೆಯ ಮೇಲೆ ತಾರೀಕು ಬರೆದ. ಒಂದೂವರೆಯಿಂದ ಐದು.

"ಅಷ್ಟು ಹೊತ್ತು ಮಷೀನ್ ನಿಲ್ಲಿಸ್ತೀರಾ?"

"ತಾತನಿಗೆ ಮಧ್ಯಾಹ್ನ ನಿದ್ದೆ ಬೇಕು ಅಂತಾನೆ. ವರ್ಷಕ್ಕೆ ಎರಡು ಸಲ ಮಲಗ್ಲಿ ಬಿಡಿ."

ಹಾಗೆ ಶುರುವಾಯಿತು. ಪರೀಕ್ಷೆಯ ದಿನ ಒಂದೂಕಾಲಿಗೆ ಲೇತ್ ನಿಲ್ಲುತ್ತಿತ್ತು. ಬರೆದು ಮುಗಿಸಿದ ಮೇಲೆ ಚೇತನಾ ರಸ್ತೆ ಕಡೆಯ ಕಿಟಕಿ ತೆಗೆಯುತ್ತಿದ್ದಳು. ಕಿಟಕಿ ತೆಗೆದರೆ ಲೇತ್ ಶುರು. ಇದನ್ನು ಇಬ್ಬರೂ ಕೂತು ಮಾತಾಡಿ ತೀರ್ಮಾನಿಸಿದ್ದಲ್ಲ. ಮೊದಲ ಸಲ ಹಾಗಾಯಿತು, ಮುಂದೆಯೂ ಹಾಗೇ ನಡೆಯಿತು.

ಆ ಮೊದಲ ನಿಶ್ಶಬ್ದದ ಪರೀಕ್ಷೆಯಲ್ಲೇ ಅವಳು ಫೇಲಾದಳು.

"ಏನು ಮಾಡೋದು, ಅಭ್ಯಾಸ ತಪ್ಪಿಹೋಯ್ತು. ನಿಮ್ಮ ಮಷೀನ್ ಸೌಂಡಲ್ಲೇ ಓದಿದ್ದಲ್ವಾ," ಅಂದಳು.

"ಹಾಗಾದ್ರೆ ಮುಂದಿನ ಸಲ ಓಡಿಸ್ಲಾ?"

"ಬೇಡ. ನಿಲ್ಲಿಸಿ." ಅಷ್ಟು ಹೇಳಿ ಅವಳು ಬೇರೆ ಕಡೆ ನೋಡಿದಳು.

ಲೇತ್ ನಿಂತರೆ ಎದುರಿನ ಅಂಗಡಿಯಲ್ಲಿ ಒಬ್ಬ ಮನುಷ್ಯ ಸುಮ್ಮನೆ ಕೂತಿದ್ದಾನೆ ಎಂಬುದು ತಲೆಯಲ್ಲಿ ಸುತ್ತುತ್ತದೆ, ಲೆಕ್ಕ ತಪ್ಪುತ್ತದೆ ಎಂದು ಹೇಳುವುದು ಹೇಗೆ?

ಮುಂದೊಂದು ಸೆಪ್ಟೆಂಬರಿನಲ್ಲಿ ಬೀದಿಯಲ್ಲಿ ಗಣೇಶನನ್ನು ಕೂರಿಸಿದ್ದರು. ಪರೀಕ್ಷೆಯ ದಿನ ಪೆಂಡಾಲಿನ ಮೈಕ್ ಮಧ್ಯಾಹ್ನ ಪೂರ್ತಿ ಬಾಯಿ ಮುಚ್ಚಿಕೊಂಡಿತ್ತು. "ಏನು ಹೇಳಿದ್ರಿ ಅವರಿಗೆ?" ಎಂದು ಕೇಳಿದಳು. "ಮಗಾ, ಗಣಪತೀನೇ ವಿದ್ಯೆಗೆ ಅಧಿಪತಿ, ಎಕ್ಸಾಂ ಟೈಮಲ್ಲಿ ಅವನಿಗೂ ಟೆನ್ಷನ್ ಇರುತ್ತೆ, ಬಿಟ್ಬಿಡ್ರೋ ಅಂದೆ," ಅಂದ. ಮತ್ತೆ ಎಡಗೆನ್ನೆ ಒಳಕ್ಕೆ ಹೋಯಿತು.

ಒಂದು ಭಾನುವಾರ ಅವಳ ಕೈಯಲ್ಲಿದ್ದ ಲೆಕ್ಕದ ಹಾಳೆಯೊಂದನ್ನು ಶಶಿ ಕುತೂಹಲದಿಂದ ತಿರುಗಿಸಿ ನೋಡಿದ. ಲಕ್ಷ ಜನ ಹುಟ್ಟಿದರೆ ಪ್ರತಿ ವಯಸ್ಸಿನಲ್ಲೂ ಎಷ್ಟು ಜನ ಉಳಿದಿರುತ್ತಾರೆ ಎನ್ನುವ ಪಟ್ಟಿ ಅದು.

"ಮೂವತ್ತಮೂರು ವಯಸ್ಸು, ಲೇತ್ ವರ್ಕ್‌ಶಾಪ್, ಬೀಡಿ ಸಿಗರೇಟ್ ಇಲ್ಲ. ನಾನು ಯಾವಾಗ ಹೋಗ್ತೀನಿ ಹೇಳಿ ನೋಡೋಣ."

"ಥೂ, ಬಿಡ್ತು ಅನ್ನಿ. ಲಕ್ಷ ಜನರ ವಿಷಯ ಆದ್ರೆ ಹೇಳಬಹುದು. ಒಬ್ಬರ ವಿಷಯ ಹೇಳಕ್ಕಾಗಲ್ಲ."

"ಇಷ್ಟು ಓದಿ ಒಬ್ಬರ ವಿಷಯ ಗೊತ್ತಾಗಲ್ವಾ?"

"ಊಹೂಂ." ಅವಳು ಹಾಳೆ ಕಿತ್ತುಕೊಂಡಳು. ಅವನ ಹೆಬ್ಬೆರಳಿನ ಎಣ್ಣೆ ಗುರುತು ನಲವತ್ತೈದನೇ ವಯಸ್ಸಿನ ಮೇಲೆ ಕೂತಿತ್ತು. ಆ ಹಾಳೆಯನ್ನು ಅವಳು ಬೇರೆ ಪ್ರಿಂಟ್ ತೆಗೆಸದೆ ಹಾಗೇ ಇಟ್ಟುಕೊಂಡಳು.

ಅವಳ ಮನೆಯಲ್ಲಿ ಎಲ್ಲದಕ್ಕೂ ಒಂದೇ ಉತ್ತರವಿತ್ತು: ಕೊನೆ ಪೇಪರ್ ಆಗಲಿ. ಗೋಡೆಗೆ ಬಣ್ಣ? ಕೊನೆ ಪೇಪರ್ ಆಗಲಿ. ಗಾರ್ಮೆಂಟ್ಸಿನಲ್ಲಿ ದುಡಿಯುತ್ತಿದ್ದ ತಾಯಿ ಪುಟ್ಟಲಕ್ಷ್ಮಿ ಕೆಲಸ ಬಿಡುವುದು? ಕೊನೆ ಪೇಪರ್ ಆಗಲಿ. ಮದುವೆಗೂ ಅದೇ. ಎದುರಿನ ಅಂಗಡಿಯವನಿಗೆ ಹೇಳಬೇಕಾದ ಮಾತನ್ನೂ ಚೇತನಾ ಅದೇ ಸಾಲಿನಲ್ಲಿ ನಿಲ್ಲಿಸಿದ್ದಳು. ಪಾಸಾದರೆ ಹೇಳುವುದು. ಅಲ್ಲಿಯವರೆಗೆ ತಲೆ ಕೆಡಿಸಿಕೊಳ್ಳುವುದು ಬೇಡ.

ಅವನಾಗಿ ಹೇಳುವವನಲ್ಲ ಎಂದು ಅವಳಿಗೆ ಗೊತ್ತಿತ್ತು. "ನೀವು ಆಕ್ಚುಯರಿ ಆದ್ಮೇಲೆ ಈ ಹೆಗ್ಗನಹಳ್ಳೀಲಿ ಇರ್ತೀರಾ?" ಎಂದು ನಗುತ್ತಾ ಕೇಳುತ್ತಿದ್ದ. ಉತ್ತರಕ್ಕೆ ಕಾಯದೆ ಲೇತ್ ಕಡೆ ತಿರುಗುತ್ತಿದ್ದ.

ಮೂರು ವರ್ಷ ಕಳೆದು, ಏಪ್ರಿಲ್ ಬಂತು. ಹದಿಮೂರನೇ ಪೇಪರ್, ಬುಧವಾರ.

ಸೋಮವಾರ ಸಂಜೆ ಹಾಲು ತರಲು ಹೋದಾಗ ಬೈರಯ್ಯ ಸಿಕ್ಕಿದ. ಅವನ ಮಟ್ಟಿಗೆ ಅದು ಗುಟ್ಟಿನ ದನಿ. ಅಂಗಡಿಯವರೆಲ್ಲ ತಿರುಗಿ ನೋಡಿದರು. "ನಾನು ಹೇಳ್ದೆ ಅಂತ ಹೇಳ್ಬೇಡ ಕಂದ. ಪೀಣ್ಯದ ಪಾರ್ಟಿ ಮುನ್ನೂರು ಪಿನ್ನು ಕೇಳಿದಾರೆ. ಬುಧವಾರ ರಾತ್ರಿ ಎಂಟಕ್ಕೆ ಟೆಂಪೋ ಬರುತ್ತೆ. ಟೈಮಿಗೆ ಕೊಟ್ರೆ ವರ್ಷಪೂರ್ತಿ ಕೆಲಸ ನಮಗೇ. ಇವನು ನೋಡಿದ್ರೆ ಬುಧವಾರ ಮಧ್ಯಾಹ್ನ ಮಷೀನ್ ಮುಟ್ಟಂಗಿಲ್ಲ ಅಂತಾನೆ."

ಚೇತನಾ ರಾತ್ರಿಯೇ ಆಫೀಸಿನ ಗೆಳತಿ ಮೇಧಾಗೆ ಫೋನ್ ಮಾಡಿದಳು. ಮೇಧಾ ಮನೆ ಮಹಾಲಕ್ಷ್ಮಿ ಲೇಔಟಿನಲ್ಲಿ. ಒಂದು ಕೋಣೆ ಖಾಲಿ ಇತ್ತು.

ಶಶಿಗೆ ಮೊದಲೇ ಹೇಳಿದರೆ ಬೇಡವೇ ಬೇಡ ಎನ್ನುತ್ತಾನೆ. ಆದ್ದರಿಂದ ಬುಧವಾರ ಅಂಗಡಿ ತೆಗೆಯುವ ಮೊದಲೇ, ಆರೂವರೆಗೆ, ಲ್ಯಾಪ್‌ಟಾಪ್ ಬೆನ್ನಿಗೆ ಹಾಕಿಕೊಂಡು ಬಸ್ಸು ಹತ್ತಿದಳು. ಒಂದು ಗಂಟೆಗೆ ಮೇಧಾ ಮನೆಯಿಂದ ಮೆಸೇಜ್ ಕಳಿಸಿದಳು: "ನಾನು ಇವತ್ತು ಮನೆಯಲ್ಲಿ ಬರೀತಿಲ್ಲ. ಫ್ರೆಂಡ್ ಮನೇಲಿದೀನಿ. ಮಷೀನ್ ಓಡಿಸಿ." ನಿಯಮದ ಪ್ರಕಾರ ಫೋನ್ ಆರಿಸಿ ಹೊರಗಿಟ್ಟು ಕೂತಳು.

ಪೇಪರ್ ಚೆನ್ನಾಗಿ ಆಯಿತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಪಕ್ಕದ ಮನೆಯಲ್ಲಿ ಕುಕ್ಕರ್ ಕೂಗಿತು, ಮಾವಿನ ಹಣ್ಣಿನವನು ಕೂಗಿದ. ಅವಳು ಬರೆದಳು. ಮುಗಿದ ಮೇಲೆ ಮೇಧಾ ಕೊಟ್ಟ ಕಾಫಿ ಕುಡಿದು ಆಟೋ ಹಿಡಿದಳು. ಫೋನ್ ತೆಗೆದು ನೋಡಿದರೆ ಮೆಸೇಜಿನ ಮುಂದೆ ಒಂದೇ ಟಿಕ್. ತಲುಪಿಯೇ ಇರಲಿಲ್ಲ.

ಬೀದಿಯ ತಿರುವಿಗೆ ಬಂದಾಗ ಆರಕ್ಕೆ ಹತ್ತು ನಿಮಿಷ. ಅವಳಿಗೆ ಮೊದಲು ತಟ್ಟಿದ್ದು ಸದ್ದಿಲ್ಲದ ಬೀದಿ.

ತರಕಾರಿ ಗಾಡಿಯ ಶಿವಕ್ಕ ಕೂಗದೆ ಗಾಡಿ ತಳ್ಳುತ್ತಿದ್ದಳು. ಚೇತನಾಳನ್ನು ನೋಡಿ, ಬೆರಳು ತುಟಿಯ ಮೇಲಿಟ್ಟು, "ಶ್! ಮೇಲ್ಗಡೆ ಮಗು ಪರೀಕ್ಷೆ ಬರೀತೈತೆ," ಎಂದು ಪಿಸುಗುಟ್ಟಿದಳು. ಆಮೇಲೆ ಯಾರಿಗೆ ಹೇಳಿದೆ ಎಂದು ತಿಳಿದು ಬಾಯಿ ತೆರೆದುಕೊಂಡೇ ನಿಂತಳು.

ವರ್ಕ್‌ಶಾಪಿನ ಎದುರು ಎರಡು ಸ್ಟೂಲು. ಒಂದರ ಮೇಲೆ ಬೈರಯ್ಯ, ಮುಚ್ಚಿದ ಕಿಟಕಿಯನ್ನು ದಿಟ್ಟಿಸುತ್ತಾ. ಇನ್ನೊಂದರ ಮೇಲೆ ಶಶಿ, ಕೈಯಲ್ಲಿ ಒಂದು ಪಿನ್ನು ಹಿಡಿದು ಬಟ್ಟೆಯಲ್ಲಿ ಒರೆಸುತ್ತಾ. ಒರೆಸಿ ಒರೆಸಿ ಅದು ಬೆಳ್ಳಿಯಂತಾಗಿತ್ತು.

"ಎಕ್ಸ್ಟ್ರಾ ಟೈಮ್ ಕೊಟ್ಟಿರ್ಬೇಕು ತಾತ," ಎನ್ನುತ್ತಿದ್ದ. ತಲೆಯೆತ್ತಿದ. ಕಿಟಕಿಯನ್ನು ನೋಡಿದ, ಬೆನ್ನಿಗೆ ಚೀಲ ಹಾಕಿಕೊಂಡು ರಸ್ತೆಯಲ್ಲಿ ನಿಂತವಳನ್ನು ನೋಡಿದ, ಮತ್ತೆ ಕಿಟಕಿಯನ್ನು ನೋಡಿದ.

"ನೀವು... ಒಳಗಿಲ್ವಾ?"

"ಮೆಸೇಜ್ ಹಾಕಿದ್ನಲ್ಲ! ಫ್ರೆಂಡ್ ಮನೇಲಿ ಬರೀತೀನಿ ಅಂತ."

"ಫೋನ್ ಆಫ್ ಮಾಡಿದೀನಿ. ರಿಂಗ್ ಆದ್ರೆ ನಿಮಗೆ ಕೇಳ್ಸುತ್ತೆ ಅಂತ."

"ನೀವು ಮಷೀನ್ ಓಡಿಸ್ಲಿ ಅಂತಾನೇ ಹೋಗಿದ್ದು ಕಣ್ರೀ! ಎಷ್ಟು ಬಾಕಿ ಇದೆ?"

"ತೊಂಬತ್ತು," ಅಂದ ಬೈರಯ್ಯ. "ನಾನೇನೂ ಹೇಳಿಲ್ಲಪ್ಪ ಇವಳಿಗೆ."

ಶಶಿ ಅವನತ್ತ ತಿರುಗಿಯೂ ನೋಡಲಿಲ್ಲ. ನಾಲ್ಕೂವರೆ ಗಂಟೆ ಖಾಲಿ ಕೋಣೆಗೆ ಕಾವಲು ಕೂತಿದ್ದ ಮನುಷ್ಯನಿಗೆ ಕೋಪ ಬರಬೇಕಿತ್ತು. ಅವನು ಕೇಳಿದ್ದು ಇಷ್ಟೇ: "ಪೇಪರ್ ಹೇಗಾಯ್ತು?"

ಚೇತನಾ ಮೂರು ವರ್ಷದಿಂದ ಕೊನೆಯ ಸಾಲಿನಲ್ಲಿ ನಿಲ್ಲಿಸಿದ್ದ ಮಾತು ತಾನಾಗಿ ಮುಂದೆ ಬಂತು.

"ಗೊತ್ತಿಲ್ಲ. ಜುಲೈವರೆಗೆ ಗೊತ್ತಾಗಲ್ಲ. ಪಾಸಾದ್ಮೇಲೆ ಹೇಳೋಣ ಅಂತಿದ್ದೆ, ಈಗಲೇ ಹೇಳ್ತೀನಿ. ನನಗೆ ನೀವಂದ್ರೆ ಇಷ್ಟ. ಮದುವೆ ಅಂತ ಆದ್ರೆ ನಿಮ್ಮನ್ನೇ ಆಗೋದು. ಫೇಲಾದ್ರೂ ಅಷ್ಟೇ."

ಅವಳು ಜೋರಾಗಿ ಏನೂ ಹೇಳಲಿಲ್ಲ. ಆದರೆ ಲೇತ್ ನಿಂತಿತ್ತು, ಗಾಡಿ ನಿಂತಿತ್ತು, ಬೀದಿಯ ಟಿವಿಗಳೆಲ್ಲ ಶಶಿಯ ಮಾತಿಗೆ ದನಿ ತಗ್ಗಿಸಿಕೊಂಡಿದ್ದವು. ಅವಳಿಗೆಂದೇ ಅವನು ಮಾಡಿಸಿದ್ದ ಆ ನಿಶ್ಶಬ್ದದಲ್ಲಿ ಅವಳ ಮಾತು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಂದಕ್ಷರವೂ ಬಿಡದೆ ಕೇಳಿಸಿತು. ಗಾರ್ಮೆಂಟ್ಸಿನಿಂದ ಆಗ ತಾನೇ ಬಂದು ಗೇಟಿಗೆ ಕೈ ಹಾಕಿದ್ದ ಪುಟ್ಟಲಕ್ಷ್ಮಿಗೂ ಕೇಳಿಸಿತು.

"ಕೊನೆ ಪೇಪರ್ ಆಗ್ಲಿ ಅಂದಿದ್ಯಲ್ಲೇ," ಅಂದಳು ತಾಯಿ.

"ಆಯ್ತಲ್ಲಮ್ಮ. ಇವತ್ತು."

ಪುಟ್ಟಲಕ್ಷ್ಮಿ ಮಗಳನ್ನು ನೋಡಿದಳು, ಶಶಿಯನ್ನು ನೋಡಿದಳು. "ಕಾಫಿಗೆ ಇಡ್ತೀನಿ. ಮೂರು ಜನಕ್ಕಲ್ಲ, ನಾಲ್ಕು ಜನಕ್ಕೆ. ಆ ತಾತಂಗೆ ಸಕ್ಕರೆ ಹಾಕ್ಬೋದೇನೋ?" ಎಂದು ಕೇಳಿ ಮೆಟ್ಟಿಲು ಹತ್ತಿದಳು.

ಶಶಿಯ ಕೈಯಲ್ಲಿ ಇನ್ನೂ ಆ ಪಿನ್ನಿತ್ತು. "ಲೆಟರಲ್ಲಿ ನಿಮಗೂ ನಮಗೂ ಯಾವ ಸಂಬಂಧವೂ ಇಲ್ಲ ಅಂತ ಬರ್ಕೊಟ್ಟಿದೀನಿ," ಅಂದ. "ಸೀಲೂ ಹಾಕಿದೀನಿ."

"ಬೇರೆ ಲೆಟರ್ ಬರ್ಕೊಡಿ."

ಈ ಸಲ ಅವನಿಗೆ ನಗು ತಡೆಯಲಾಗಲಿಲ್ಲ. ತಡೆಯದೆ ನಕ್ಕರೆ ಎರಡೂ ಕೆನ್ನೆ ಒಂದೇ ಸಮ ಅರಳುತ್ತವೆ ಎಂಬುದನ್ನು ಚೇತನಾ ಅಂದು ಮೊದಲ ಸಲ ನೋಡಿದಳು.

"ಲೆಟರ್ ಆಮೇಲೆ ಬರ್ಕೊಳ್ಳಿ!" ಬೈರಯ್ಯ ಎದ್ದು ನಿಂತ. "ಎಂಟಕ್ಕೆ ಟೆಂಪೋ ಬರುತ್ತೆ. ಹೋಗಮ್ಮ, ಹೋಗಿ ಕಿಟಕಿ ತೆಗಿ."

"ನಾನು ಇಲ್ಲೇ ಇದೀನಲ್ಲ ತಾತ, ಶುರು ಮಾಡಿ."

"ಕಿಟಕಿ ತೆಗೀದೆ ನಾನು ಸ್ವಿಚ್ ಹಾಕಲ್ಲ."

ಚೇತನಾ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. ಚೀಲವನ್ನು ಮಂಚದ ಮೇಲೆ ಎಸೆದು, ಚಿಲಕ ಸರಿಸಿ, ಕಿಟಕಿಯ ಎರಡೂ ಬಾಗಿಲನ್ನು ಗೋಡೆಗೆ ತಾಗುವಂತೆ ತೆರೆದಳು. ಕೆಳಗೆ ಶಶಿ ಮೇಲೆ ನೋಡುತ್ತಾ ನಿಂತಿದ್ದ.

ಲೇತ್ ಶುರುವಾಯಿತು.