ಮೂರು ದಿನದ ಗುಲಾಬಿ

ಬೆಳಗ್ಗೆ ಆರಕ್ಕೆ ಗೇಟು ತೆಗೆದವಳು ಕೈಯಲ್ಲಿದ್ದ ಬ್ಯಾಗನ್ನು ಅಲ್ಲೇ ಕೆಳಗೆ ಬಿಟ್ಟಳು. ಅಮ್ಮನ ಕಣ್ಣಿನ ಆಪರೇಷನ್ನಿಗೆಂದು ಮೂರೇ ದಿನ ರಜೆ ಹಾಕಿದ್ದಳು. ಅಷ್ಟರಲ್ಲಿ, ಆರು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದ ಈಜುಕೊಳ ಪಾಚಿಗಟ್ಟಿ ಹಸಿರಾಗಿತ್ತು. ತಳದ ಕಪ್ಪು ಗೆರೆಗಳೂ ಕಾಣುತ್ತಿರಲಿಲ್ಲ.

ಮಕ್ಕಳು ಅವಳನ್ನು ನೀರಕ್ಕ ಅನ್ನುತ್ತಿದ್ದರು. ನೀರಕ್ಕನಿಗೆ ಸಿಟ್ಟು ಬಂದರೆ ಕಪ್ಪೆಗಳೂ ಕೊಳ ಬಿಟ್ಟು ಓಡುತ್ತವೆ ಎಂದು ಅವರಲ್ಲೊಂದು ಮಾತಿತ್ತು. ಇವತ್ತು ಓಡುವುದಕ್ಕೆ ನಿಜಕ್ಕೂ ಕಪ್ಪೆಗಳು ಬಂದಿದ್ದವು.

ಪಂಪ್ ರೂಮಿನಲ್ಲಿ ತೂಗುಹಾಕಿದ್ದ ಪುಸ್ತಕ ತೆಗೆದಳು. ಮೂರು ದಿನವೂ, ಎರಡು ವರ್ಷದಿಂದ ಮಕ್ಕಳಿಗೆ ಈಜು ಕಲಿಸುತ್ತಿದ್ದ ಕೋಚ್‌ನ ದುಂಡು ಅಕ್ಷರ: 'ಕ್ಲೋರಿನ್ ನೋಡಿದೆ. ಗುಲಾಬಿ. ಸರಿ ಇದೆ.' ಟ್ಯೂಬಿನ ನೀರಿಗೆ ಮಾತ್ರೆ ಹಾಕಿದಾಗ ಗುಲಾಬಿ ಬಣ್ಣ ಬಂದರೆ ಕ್ಲೋರಿನ್ ಇದೆ, ಬರದಿದ್ದರೆ ಹಾಕಬೇಕು. ಅಷ್ಟೇ ಕೆಲಸ. ಇಡೀ ಊರಲ್ಲಿ ಅವನೊಬ್ಬನನ್ನೇ ನಂಬಿ ಕೀಲಿ ಕೊಟ್ಟು ಹೋಗಿದ್ದಳು.

ಅಷ್ಟರಲ್ಲಿ ಮ್ಯಾನೇಜರ್ ಬಂದರು. "ಏನಮ್ಮಾ ಇದು? ಎರಡು ಮಕ್ಕಳಿಗೆ ಮೈಯೆಲ್ಲ ಗುಳ್ಳೆ ಎದ್ದಿದೆಯಂತೆ. ಈ ಕೆಲಸಕ್ಕೆ ಬೇರೆಯವರನ್ನ ನೋಡಬೇಕಾಗುತ್ತೆ. ಸಂಜೆಯೊಳಗೆ ಹೇಳ್ತೀನಿ."

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದ ಮಹಾರಾಯ ಬೇರೆ, ಉಣ್ಣುವವಳು ಬೇರೆ. ಆ ಮಹಾರಾಯ ಕೊರಳಲ್ಲಿ ಸೀಟಿ ಹಾಕಿಕೊಂಡು ನಗುತ್ತಲೇ ಬಂದ.

"ಬಂದ್ರಾ? ಅಮ್ಮನ ಕಣ್ಣು ಹೇಗಿದೆ?"

"ಅಮ್ಮನ ಕಣ್ಣು ಸರಿಹೋಯ್ತು. ನಿಮ್ಮ ಕಣ್ಣಿಗೇನು ಬಂದಿದೆ? ಟೆಸ್ಟ್ ಮಾಡದೇನೇ ಬರೆದ್ರಿ ಅಲ್ವಾ?"

"ದಿನಾ ಮಾಡಿದೆ. ನಿಮ್ಮಾಣೆ."

ಅವಳು ಟ್ಯೂಬಿನಲ್ಲಿ ನೀರು ತುಂಬಿ, ಮಾತ್ರೆ ಹಾಕಿ, ಕುಲುಕಿ ಅವನ ಮೂಗಿನ ಮುಂದೆ ಹಿಡಿದಳು. ಬಣ್ಣದ ಸುಳಿವೇ ಇರಲಿಲ್ಲ. "ಇದ್ಯಾವ ಬಣ್ಣ ಹೇಳಿ!"

ಅವನು ತುಂಬಾ ಹೊತ್ತು ನೋಡಿದ. ಕಿವಿ ಕೆಂಪಾಯಿತು. "ಗುಲಾಬಿ... ಇರಬೇಕು."

"ತಮಾಷೆ ಮಾಡ್ತೀಯಾ?" ಎರಡು ವರ್ಷದ ಮರ್ಯಾದೆಯೆಲ್ಲ ಒಂದೇ ಏಟಿಗೆ ಹಾರಿಹೋಯಿತು. "ನನ್ನ ಕೆಲಸ ಹೋಗ್ತಿದೆ, ನಿನಗೆ ತಮಾಷೆ!"

"ತಮಾಷೆಯಲ್ಲ. ನನಗೆ ಕೆಲವು ಬಣ್ಣ ಗೊತ್ತಾಗಲ್ಲ, ಹುಟ್ಟಿದಾಗಿಂದ. ತಿಳಿ ಗುಲಾಬಿಯೂ ಬರೀ ನೀರೂ ನನಗೆ ಒಂದೇ. ಕೊಳ ಸ್ವಲ್ಪ ಮಬ್ಬಾಗಿದೆ ಅಂದ್ಕೊಂಡೆ, ಹಸಿರು ಅಂತ ಹೊಳೀಲಿಲ್ಲ."

"ಮತ್ತೆ ದಿನಾ ಬೆಳಗ್ಗೆ ನಾನು ಟ್ಯೂಬ್ ತೋರಿಸಿದ್ರೆ 'ಬಣ್ಣ ಚೆನ್ನಾಗಿ ಬಂದಿದೆ' ಅಂತಿದ್ದೆ?"

ಅವನು ತಲೆ ತಗ್ಗಿಸಿದ. "ನೀವು ಅದನ್ನ ಬಿಸಿಲಿಗೆ ಹಿಡಿದು, ಭುಜಕ್ಕೆ ಭುಜ ತಾಗೋ ಹಾಗೆ ನಿಲ್ತಿದ್ರಿ. ಕಾಣಲ್ಲ ಅಂದಿದ್ರೆ ಆಮೇಲೆ ಯಾಕೆ ತೋರಿಸ್ತಿದ್ರಿ?"

ಅವಳ ಮೈ ಜುಮ್ಮೆಂದಿತು. ಅದಕ್ಕೇ ಸಿಟ್ಟು ಇನ್ನೂ ಏರಿತು. ಬಣ್ಣ ನೋಡಲು ಅವಳಿಗೆ ಇನ್ನೊಬ್ಬರ ಕಣ್ಣು ಎಂದೂ ಬೇಕಿರಲಿಲ್ಲ. ಆದರೂ ದಿನಾ ಅವನನ್ನು ಕರೆದದ್ದು ಅವಳೇ.

"ಪ್ರೀತಿ ಇದ್ರೆ ಬಾಯಿಬಿಟ್ಟು ಹೇಳ್ಬೇಕು. ಮಕ್ಕಳ ಮೈಮೇಲೆ ಗುಳ್ಳೆ ಎಬ್ಬಿಸಿ ಅಲ್ಲ!"

"ಪ್ರೀತಿ ಇದೆ," ಅಂದ. "ಗುಳ್ಳೆ ಎದ್ದಿದ್ದು ನನ್ನಿಂದ ಅಂತ ಮ್ಯಾನೇಜರಿಗೆ ಹೇಳಿ ಬರ್ತೀನಿ."

ಆಫೀಸಿನ ಗಾಜಿನಾಚೆ ಅವನು ತನ್ನ ಕಣ್ಣು ತೋರಿಸುತ್ತಿದ್ದುದೂ, ಮ್ಯಾನೇಜರ್ ಮೇಜು ಗುದ್ದಿದ್ದೂ ಅವಳಿಗೆ ಕಾಣಿಸಿತು. ಹೊರಬಂದಾಗ ಅವನ ಮುಖ ಸಪ್ಪಗಿತ್ತು.

"ನಿಮ್ಮ ಕೆಲಸಕ್ಕೇನೂ ಆಗಲ್ಲ. ನಾನು ಆ ಮಕ್ಕಳ ಮನೆಗೆ ಹೋಗಿ ಕ್ಷಮೆ ಕೇಳ್ಬೇಕು. ನನ್ನ ಕೆಲಸದ ಮಾತು ನೀರು ತಿಳಿಯಾದ ಮೇಲಂತೆ."

ಅವಳು ಉದ್ದ ಹಿಡಿಯ ಬ್ರಷ್ಷನ್ನು ಅವನ ಎದೆಗೆ ಒತ್ತಿದಳು. "ಗೋಡೆ ಉಜ್ಜು. ಮೂಲೆ ಬಿಟ್ಟೀಯ ಜೋಕೆ!"

ಮೂರು ದಿನ ಅವನು ಉಜ್ಜಿದ, ಅವಳು ಬೈದಳು. ಬಿಸಿಲು ಇಳಿದ ಮೇಲೆ ಅವಳು ಕ್ಲೋರಿನ್ ಹಾಕಿದಳು, ಅವನು ಫಿಲ್ಟರ್ ತೊಳೆದ. ನಾಲ್ಕನೆಯ ಬೆಳಗ್ಗೆ ತಳದ ಕಪ್ಪು ಗೆರೆಗಳು ನೆಟ್ಟಗೆ ಕಂಡವು.

ಅವಳು ಟ್ಯೂಬನ್ನು ಬಿಸಿಲಿಗೆ ಹಿಡಿದು ಅವನ ಪಕ್ಕ ನಿಂತಳು. "ಯಾವ ಬಣ್ಣ?"

"ಗೊತ್ತಿಲ್ಲ," ಅಂದ.

"ಗುಲಾಬಿ," ಎಂದು ಸಿಡುಕಿದಳು. "ಬರ್ಕೋ."

ಅವನು ಬರೆದುಕೊಂಡ. ಅವಳು ಭುಜ ಆಚೆ ಸರಿಸಲಿಲ್ಲ.